ಶರಣು ಮರೀಬ್ಯಾಡ

ಸತ್ಯನಾರಾಯಣಪೇಟೆ, ಬಳ್ಳಾರಿ
ಗುರುವಾರ, 14 ನವೆಂಬರ್ 2024

ಅಪ್ಪಾಜಿಯವರಿಗೆ ಗಂಗೋತ್ರಿಯ ನಮಸ್ಕಾರ.

ಬಿ.ಪಿ. ಗುಳಿಗೆ ತಪ್ಪಿಸುತ್ತಿಲ್ಲ ಎಂದುಕೊಂಡಿದ್ದೇನೆ. ಅಮ್ಮನ ಮೊಣಕಾಲು ನೋವು ಹೇಗಿದೆ? ನಾನು ಹಾಸ್ಟೆಲಿನಲ್ಲಿ ಆರೋಗ್ಯವಾಗಿದ್ದೇನೆ. ಕಾಗದದಲ್ಲಿ ಬರೆಯುವುದಕ್ಕೆ ಕಾರಣವಿದೆ. ಫೋನು ಕೊಡಿಸಿದ ದಿನ, ಸೆಟ್ಟಿಂಗ್ ಮಾಡಿಕೊಡುತ್ತೇನೆಂದು ಅರ್ಧ ಗಂಟೆ ಇಟ್ಟುಕೊಂಡಿದ್ದಿರಿ. ನನ್ನ ವಾಟ್ಸಾಪ್ ಅಂದಿನಿಂದಲೂ ಸಿರುಗುಪ್ಪದ ನಮ್ಮ ಗೊಬ್ಬರದಂಗಡಿಯ ಕಂಪ್ಯೂಟರಿನಲ್ಲಿ ತೆರೆದೇ ಇದೆ ಎಂದು ಈ ಸೋಮವಾರ ತಿಳಿಯಿತು, ಅದೂ ನಂದಿನಿಯ ಬಾಯಿಂದ.

ನಂದಿನಿ ನನ್ನ ಕೋಣೆಯವಳು. ಶನಿವಾರ ಅವಳು ಕುರುಗೋಡಿಗೆ ಹೋದರೆ, ಅವಳ ಅಜ್ಜಿ ವೀರಭದ್ರಮ್ಮ ನನಗೂ ಸೇರಿಸಿ ರೊಟ್ಟಿ ಕಟ್ಟಿ ಕಳಿಸುತ್ತಾರೆ. ಅದಕ್ಕೇ ನಾನು ನಂದಿನಿಗೆ ವಾರವಾರ ಇಂಗ್ಲಿಷ್ ಅಕ್ಷರದಲ್ಲಿ "ಶರಣು ಮರೀಬ್ಯಾಡ" ಎಂದು ಬರೆಯುತ್ತಿದ್ದೆ. ಅಜ್ಜಿಗೆ ನನ್ನ ಶರಣು ತಿಳಿಸುವುದನ್ನು ಮರೆಯಬೇಡ ಎಂದು. ಶರಣು ಎಂಬ ಹುಡುಗನಿದ್ದಿದ್ದರೆ "ಶರಣುನ್ನ ಮರೀಬ್ಯಾಡ" ಎಂದು ಬರೆಯುತ್ತಿದ್ದೆ. ಇಷ್ಟು ಕನ್ನಡ ನಿಮಗೂ ಗೊತ್ತು. ಹಿರಿಯರ ಎದುರು ನನ್ನ ಕೈ ಜೋಡಿಸಿ ಆ ಮಾತು ಕಲಿಸಿದವರೇ ನೀವು.

ಭಾನುವಾರ ನೀವು ಕುರುಗೋಡಿನಲ್ಲಿ ಅಜ್ಜಿಯ ಅಂಗಳದಲ್ಲಿ ನಿಂತು, ಓಣಿಯವರೆಲ್ಲ ಕೇಳುವಂತೆ, "ಅಂಗಡಿ ಕಂಪ್ಯೂಟರ್‌ನ್ಯಾಗ ಎಲ್ಲಾ ಓದೀನಿ. ಯಾವನವ ಶರಣು? ಹೊರಗ ಕರೀರಿ" ಎಂದಿರಂತೆ. ಅಜ್ಜಿಗೆ ಕಿವಿ ಮಂದ. ಕೇಳಿಸಿದ್ದು ಒಂದೇ ಮಾತು. ಕೈ ಮುಗಿದು "ಶರಣ್ರೀ ಯಪ್ಪಾ, ಒಳಗ ಬರ್ರಿ" ಎಂದರಂತೆ. ನೀವು ತಿರುಗಿ ಕೈ ಮುಗಿಯಲಿಲ್ಲ. ಚಪ್ಪಲಿ ಬಿಡದೆ ಹೊಸ್ತಿಲಿಂದಲೇ ಒಳಗೆಲ್ಲ ಇಣುಕಿ ನೋಡಿ, ಬೈಕು ಹತ್ತಿ ಹೋದಿರಂತೆ.

ನಂದಿನಿ ವಾರ್ಡನ್ ಹತ್ತಿರ ಬೇರೆ ಕೋಣೆ ಕೇಳಿದ್ದಾಳೆ. "ನಿಮ್ಮಪ್ಪ ಓದ್ತಾರ ಅಂದ್ರ, ನಾ ನಿನಗ ಏನ್ ಬರೀಲಿ?" ಎಂದಳು. ಈ ನಾಲ್ಕು ದಿನದಲ್ಲಿ ನಿಮ್ಮಿಂದ ಬಂದ ಸಂದೇಶ "ಊಟ ಆತಾ?" ಎಂಬುದೊಂದೇ. ಆಗಿದೆ. ಈ ವಾರ ರೊಟ್ಟಿ ಬಂದಿಲ್ಲ.

ಈ ಕಾಗದವನ್ನು ಅಮ್ಮನಿಗೆ ಓದಿ ಹೇಳಿ, ಒಂದು ಸಾಲೂ ಬಿಡದೆ.

ಇಂತಿ,
ಗಂಗೋತ್ರಿ

ಮರೆತಿದ್ದೆ: ಈ ಕಾಗದದ ಜೊತೆ ಫೋನನ್ನೂ ಕಟ್ಟಿ, ನಾಳೆ ಬೆಳಿಗ್ಗೆ ಸಿರುಗುಪ್ಪ ಬಸ್ಸಿನ ಕಂಡಕ್ಟರ್ ದುರುಗಣ್ಣನ ಕೈಗೆ ಕೊಡುತ್ತೇನೆ, ಅಂಗಡಿಗೆ ಮುಟ್ಟಿಸುತ್ತಾರೆ. ಭಾನುವಾರ ಕುರುಗೋಡಿಗೆ ಹೋಗುತ್ತೇನೆ, ನೀವು ಅಜ್ಜಿಗೆ ಹೇಳದೆ ಬಿಟ್ಟು ಬಂದ ಶರಣು ಹೇಳಲು. ಹೋದೆನೋ ಇಲ್ಲವೋ ತಿಳಿಯಲು ನಿಮಗೆ ನನ್ನ ಮಾತೊಂದೇ ಇರುತ್ತದೆ.