ಜೊತೆಗೆ ವಾಸಿಸುವವರು

ಸಮೀಕ್ಷೆ ಕಚೇರಿ, ಮೂರನೇ ಮಹಡಿ
ಹದಿನಾಲ್ಕನೇ ತಾರೀಕು, ಮಂಗಳವಾರ, ಊಟದ ಬಿಡುವು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಎಲ್ಲ ಪತ್ರಗಳೂ ಹೀಗೇ ಶುರುವಾಗುತ್ತವೆ. ಆದರೆ ಈ ಪ್ರಶ್ನೆಯನ್ನು ನಿನಗೆ ಕೇಳುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಗೊತ್ತಿಲ್ಲ. ಕೆಮ್ಮು ಕಡಿಮೆಯಾಯಿತೇ? ಸಂಜೆ ಹೊತ್ತಿಗೆ ಮೈ ಬಿಸಿಯಾಗುತ್ತದೆಯೇ? ರವಿಕೆ ಇನ್ನೂ ಸಡಿಲವೇ ಇದೆಯೇ? ಲಾಂಡ್ರಿಯಲ್ಲಿ ದಿನವಿಡೀ ಹಬೆಯ ನಡುವೆ ನಿಂತಿರಬೇಕಂತೆ, ನಿನ್ನ ಜೊತೆ ಶಿಶುವಿಹಾರದಲ್ಲಿ ಕೆಲಸಕ್ಕಿದ್ದ ಆಯಾ ಹೇಳಿದಳು. ನಿನ್ನ ಹೊಸ ವಿಳಾಸ ಕೊಟ್ಟದ್ದೂ ಅವಳೇ. ಅವಳ ಮೇಲೆ ಸಿಟ್ಟಾಗಬೇಡ. ನಾಲ್ಕು ಸಲ ಅವಳ ಮನೆಗೆ ಹೋಗಿ ಕೂತೆ, ಐದನೆಯ ಸಲಕ್ಕೆ ಪಾಪ ಬೇಸತ್ತು ಬರೆದುಕೊಟ್ಟಳು. ಚಿಕ್ಕವಳಿದ್ದಾಗ ನನ್ನನ್ನು ಪ್ರಶ್ನೆಪತ್ರಿಕೆ ಎಂದು ಕರೆಯುತ್ತಿದ್ದೆಯಲ್ಲ, ಆ ಬುದ್ಧಿ ಇನ್ನೂ ಹೋಗಿಲ್ಲ.

ಪತ್ರ ಯಾಕೆಂದು ಮೊದಲೇ ಹೇಳಿಬಿಡುತ್ತೇನೆ. ನಾಲ್ಕನೇ ತಿಂಗಳಿಗೆ ನೀನು ಮಾತ್ರೆ ನಿಲ್ಲಿಸಿದ್ದೀಯ. ಕ್ಷಯದ ಮಾತ್ರೆಯನ್ನು ಆರು ತಿಂಗಳು ಪೂರ್ತಿ ನುಂಗಬೇಕು, ಅರ್ಧಕ್ಕೆ ಬಿಟ್ಟರೆ ಅದು ಇನ್ನಷ್ಟು ಹಟ ಹಿಡಿದು ವಾಪಸು ಬರುತ್ತದೆ. ನಿನಗೆ ಇದು ಗೊತ್ತಿಲ್ಲವೆಂದು ಹೇಳುತ್ತಿಲ್ಲ. ಕ್ಲಿನಿಕ್ಕಿನವರು ನಿನ್ನ ಕಾರ್ಡಿನ ಮೇಲೆ ‘ಪತ್ತೆಯಿಲ್ಲ’ ಎಂದು ಬರೆದು ಡ್ರಾಯರಿಗೆ ಹಾಕಿದ್ದಾರೆ. ನೀನು ಮತ್ತೆ ಶುರು ಮಾಡಬೇಕು, ಅಷ್ಟೇ ನಾನು ಕೇಳುವುದು. ಉಳಿದದ್ದನ್ನು ತಂಗಿಯ ಹರಟೆ ಎಂದು ಓದಿಕೋ.

ನಮ್ಮ ಕೆಲಸ ನಿನಗೆ ಗೊತ್ತಲ್ಲ, ಮಾತ್ರೆ ಬಿಟ್ಟವರು ಯಾಕೆ ಬಿಟ್ಟರು ಎಂದು ಮನೆಮನೆಗೆ ಹೋಗಿ ಕೇಳುವುದು. ಈ ಸಲ ನಾಲ್ಕು ಬಡಾವಣೆ, ಆರು ಭಾಷೆ. ಫಾರಂ ತಯಾರಿಸಿದವರೆಲ್ಲ ಬಾಗಿಲಿರುವ ಮನೆಗಳಲ್ಲಿ ಬೆಳೆದವರು, ನಾನೂ ಸೇರಿ. ಮೂಟೆ ಹೊರುವವರ ಶೆಡ್ಡೊಂದಕ್ಕೆ ಹೋಗಿದ್ದೆ. ಹನ್ನೆರಡು ಮಂಚ, ಇಪ್ಪತ್ತನಾಲ್ಕು ಜನ. ಒಬ್ಬ ಎದ್ದು ಹೋದ ಹಾಸಿಗೆಯ ಬಿಸಿ ಆರುವ ಮೊದಲು ಇನ್ನೊಬ್ಬ ಬಂದು ಮಲಗುತ್ತಾನೆ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಅವರಲ್ಲಿ ಹಿರಿಯ ಬಹಳ ಗಂಭೀರವಾಗಿ, “ಹಗಲು ಮಲಗೋರನ್ನ ಕೇಳ್ತಿದೀರೋ, ರಾತ್ರಿ ಮಲಗೋರನ್ನೋ? ಎರಡೂ ಸೇರಿಸಿದ್ರೆ ಮಂಚ ಸಾಲಲ್ಲ ಮೇಡಂ” ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನೋಡಿದರೆ ‘ಜೊತೆಗೆ ವಾಸಿಸುವವರು’ ಎಂಬ ಕಾಲಂನಲ್ಲಿ ಇದ್ದದ್ದು ನಾಲ್ಕೇ ಗೆರೆ. ನಾಲ್ವರನ್ನು ಬರೆದುಕೊಂಡು ಬಂದೆ. ಉಳಿದ ಇಪ್ಪತ್ತು ಜನರ ಕೆಮ್ಮು ಯಾವ ವರದಿಯಲ್ಲಿ ಬರುತ್ತದೋ ಗೊತ್ತಿಲ್ಲ.

ಇನ್ನೊಬ್ಬಳು, ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಹೆಂಗಸು. ಮಾತ್ರೆಗಳನ್ನು ಗುಂಡಿಯ ಡಬ್ಬಿಯಲ್ಲಿ ಬಚ್ಚಿಟ್ಟು, ಮೇಸ್ತ್ರಿ ಆಚೆ ತಿರುಗಿದಾಗ ನುಂಗುತ್ತಿದ್ದಳಂತೆ. ಒಂದು ದಿನ ಡಬ್ಬಿ ಅದಲುಬದಲಾಗಿ ಬೇರೆಯವಳ ಮೇಜಿಗೆ ಹೋಯಿತು. ಮರುದಿನದಿಂದ ಅವಳ ಅಕ್ಕಪಕ್ಕ ಯಾರೂ ಕೂರಲಿಲ್ಲ. ಅವಳು ಮಾತ್ರೆ ಬಿಟ್ಟಳು. ಇದನ್ನೆಲ್ಲ ಕೇಳಿಸಿಕೊಂಡು ನಾನು ಕಾರಣಗಳ ಪಟ್ಟಿಯಲ್ಲಿ ಮೂರನೇ ಸಂಖ್ಯೆಗೆ ಗುರುತು ಹಾಕಿದೆ: ‘ಅರಿವಿನ ಕೊರತೆ’. ಯಾಕೆ ಹಾಕಿದೆ? ಬೇರಾವ ಸಂಖ್ಯೆಯೂ ಹೊಂದುತ್ತಿರಲಿಲ್ಲ, ಖಾಲಿ ಬಿಟ್ಟರೆ ಕಚೇರಿಯಿಂದ ಫಾರಂ ವಾಪಸು ಬರುತ್ತದೆ. ಎದುರಿಗೆ ಕೂತಿದ್ದ ಅವಳಿಗೆ ತಲೆಕೆಳಗಾದ ಅಕ್ಷರವನ್ನೂ ಓದಲು ಬರುತ್ತಿತ್ತು. “ಅರಿವಿಲ್ಲ ಅಂತ ಬರ್ಕೊಂಡ್ರಾ? ನಂಗೆ ಚೆನ್ನಾಗೇ ಗೊತ್ತು ಮೇಡಂ. ಪಕ್ಕದವರಿಗೂ ಗೊತ್ತಾಯ್ತು. ಅದೇ ಕಷ್ಟ” ಎಂದಳು. ತಿದ್ದುತ್ತೇನೆ ಎಂದೆ, ತಿದ್ದಲಿಲ್ಲ. ಎರಡನೇ ಭೇಟಿಗೆ ಹೋದಾಗ ಅವಳ ಕೋಣೆಯಲ್ಲಿ ಬೇರೆ ಯಾರೋ ಪಾತ್ರೆ ಜೋಡಿಸುತ್ತಿದ್ದರು. ಅವಳು ತೀರಿಕೊಂಡು ಹದಿನೆಂಟು ದಿನವಾಗಿತ್ತು. ಕಚೇರಿಗೆ ಬಂದು ಹೇಳಿದರೆ, ಅಂಕಿಅಂಶ ನೋಡುವ ಹುಡುಗಿ, ಒಳ್ಳೆಯವಳೇ, ಕಂಪ್ಯೂಟರಿನಿಂದ ತಲೆ ಎತ್ತದೆ, “ಏಳು ಹಾಕಿ ಮೇಡಂ, ಲಭ್ಯವಿಲ್ಲ ಅಂತ” ಎಂದಳು. ಹಾಕಿದೆ. ಅವತ್ತಿನಿಂದ ನಾನು ಊಟಕ್ಕೆ ಎಲ್ಲರ ಜೊತೆ ಕೂರುತ್ತಿಲ್ಲ, ಹಿಂಬದಿಯ ಮೆಟ್ಟಿಲ ಮೇಲೆ ಒಬ್ಬಳೇ ಡಬ್ಬಿ ಬಿಚ್ಚುತ್ತೇನೆ. ಅದಕ್ಕೆ ಬೇರೆ ಕಾರಣವೂ ಇದೆ, ಬಿಡು.

ಸುತ್ತಿ ಬಳಸಿ ನಿನ್ನ ವಿಷಯಕ್ಕೇ ಬರುತ್ತಿದ್ದೇನೆಂದು ನಿನಗೆ ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ಅವತ್ತು ನೀನು ನಮ್ಮ ಅಡುಗೆಮನೆಯಲ್ಲಿ ನಿಂತು, ಮಾತು ಹೊರಗೆ ಕೇಳಿಸದಿರಲೆಂದು ನಲ್ಲಿ ಬಿಟ್ಟು, “ಟಿಬಿ ಅಂತೆ. ಮಾತ್ರೆ ತಗೊಳ್ತಿದೀನಿ. ಯಾರಿಗೂ ಹೇಳ್ಬೇಡ ಕಣೇ” ಎಂದೆ. ನಾನು ತಲೆಯಾಡಿಸಿದೆ. ನೀನು ಕಾರ್ಡು ತೋರಿಸಿದೆ, ‘ಜೊತೆಗೆ ವಾಸಿಸುವವರು’ ಎಂಬಲ್ಲಿ ಏನೂ ಇರಲಿಲ್ಲ. ನೀನು ಮೆಟ್ಟಿಲಿಳಿದು ಹೋದ ಅರ್ಧ ಗಂಟೆಗೆ ನಾನು ನಿನ್ನ ಕ್ಲಿನಿಕ್ಕಿಗೆ ಫೋನ್ ಮಾಡಿ ಆ ಕಾಲಂ ತುಂಬಿಸಿದೆ. ಭಾವ, ನಿನ್ನ ಅತ್ತೆ, ಮನೆಯ ವಿಳಾಸ, ಕೆಲಸದ ಜಾಗ. ಮನೆಯವರ ತಪಾಸಣೆ ಆಗಲೇಬೇಕಿತ್ತು ಅಕ್ಕಾ, ಅದನ್ನು ಇವತ್ತಿಗೂ ತಪ್ಪೆನ್ನಲಾರೆ. ಆದರೆ ಹೀಗೆ ಮಾಡುತ್ತೇನೆಂದು ನಿನಗೊಂದು ಮಾತು ಹೇಳಲಿಲ್ಲ. ನಿನ್ನ ಪಕ್ಕದಲ್ಲಿ ಕೂತು ಭಾವನಿಗೆ ಇಬ್ಬರೂ ಸೇರಿ ಹೇಳಬಹುದಿತ್ತು, ಅದು ನನಗೆ ಹೊಳೆಯಲೇ ಇಲ್ಲ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿರುವವಳಿಗೆ. ಬಾಯಿಗೆ ಬಟ್ಟೆ ಕಟ್ಟಿಕೊಂಡ ಇಬ್ಬರು ವ್ಯಾನಿನಲ್ಲಿ ಬಂದು ಮೂರು ಮನೆಯ ಬಾಗಿಲು ತಟ್ಟಿ ನಿನ್ನ ಹೆಸರು ಹಿಡಿದು ಕೇಳಿದರಂತೆ. ಶಿಶುವಿಹಾರದವರು ಮರುದಿನವೇ ಬರಬೇಡ ಎಂದರು. ನಿನ್ನ ತಟ್ಟೆ ಲೋಟ ಬಚ್ಚಲಿನ ಕಿಟಕಿಗೆ ಹೋದವು. ಆಮೇಲೆ ನೀನು ಫೋನಿನಲ್ಲಿ ಆಡಿದ್ದು ಒಂದೇ ಮಾತು, ಅದೂ ಜಗಳದ ದನಿಯಲ್ಲಲ್ಲ: “ಚಿಕ್ಕವಳಿದ್ದಾಗಿಂದ ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳಿದೀನಿ. ಇದೊಂದು ನನ್ನ ಕೇಳ್ಬಹುದಿತ್ತು.” ವಾರದಲ್ಲಿ ನಿನ್ನ ನಂಬರ್ ಬದಲಾಯಿತು, ನೀನೂ ಮನೆ ಬಿಟ್ಟು ಬೇರೆ ಊರಿಗೆ ಹೋದೆ.

ನೀನು ಈಗಿರುವ ಊರಿನ ಬಸ್ ನಿಲ್ದಾಣದ ಹಿಂದೆ ಒಂದು ಕ್ಲಿನಿಕ್ ಇದೆ, ಅಲ್ಲಿ ಹೊಸ ಕಾರ್ಡು ಮಾಡಿಸಬಹುದು. ಬೆಳಿಗ್ಗೆ ಏಳಕ್ಕೇ ತೆರೆಯುತ್ತಾರೆ, ಕೆಲಸಕ್ಕೆ ಮೊದಲು ಹೋಗಿಬರಬಹುದು. ಅಲ್ಲಿನ ನರ್ಸಿನ ಹತ್ತಿರ ವಿಚಾರಿಸಿದೆ. ನಿನ್ನ ಹೆಸರು ಹೇಳಲಿಲ್ಲ. ಈ ಸಲ ಹೇಳಲಿಲ್ಲ.

ಮನೆಯಲ್ಲಿ ಎಲ್ಲ ಹಾಗೇ ಇದೆ. ಇವರಿಗೆ ವಾರಕ್ಕೆ ಐದು ದಿನ ಪರವೂರಿನಲ್ಲಿ ಕೆಲಸ. ಪುಟ್ಟಿ ನನಗಿಂತ ಎರಡು ಬೆರಳು ಎತ್ತರವಾಗಿದ್ದಾಳೆ, ಆದರೂ ಪರೀಕ್ಷೆಯ ಭಯಕ್ಕೆ ನನ್ನ ಪಕ್ಕದಲ್ಲೇ ಮಲಗಿ ಮೈಮೇಲೆ ಕಾಲು ಹಾಕುವ ಅಭ್ಯಾಸ ಮಾಡಿಕೊಂಡಿದ್ದಳು. ದೊಡ್ಡಮ್ಮ ಯಾಕೆ ಬರುವುದಿಲ್ಲ ಎಂದು ಕೇಳುತ್ತಾಳೆ. ದೂರ ಎನ್ನುತ್ತೇನೆ. ನನ್ನನ್ನು ಇಂಗ್ಲಿಷ್ ಶಾಲೆಗೆ ಹಾಕಿದಾಗ ಮನೆಮಾತಿನ ಅಕ್ಷರವನ್ನು ಹಿತ್ತಲ ಕಲ್ಲಿನ ಮೇಲೆ ತಿದ್ದಿಸಿದವಳು ನೀನು. ಒತ್ತಕ್ಷರ ತಪ್ಪಿದ್ದರೆ ಈಗಲೂ ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸು. ಬೈಗುಳ ಬರೆದರೂ ಸರಿ, ನಿನ್ನ ಕೈಬರಹ ನೋಡಿದರೆ ಸಾಕು.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಆರೋಗ್ಯ ಮೊದಲಿನಂತಾಗಲಿ ಎಂದು ಬಯಸುವ

ನಿನ್ನ ತಂಗಿ,
ಪ್ರಶ್ನೆಪತ್ರಿಕೆ

ಮರೆತದ್ದು: ಮರೆತದ್ದಲ್ಲ, ಬರೆಯಲಾಗದ್ದು. ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ, ಅಂಚೆಯ ಹೊತ್ತಾಯಿತು. ನನಗೂ ಬಂದಿದೆ ಅಕ್ಕಾ. ಗೊತ್ತಾಗಿ ಒಂಬತ್ತು ದಿನ. ಎರಡು ಬಸ್ಸು ಬದಲಿಸಿ, ಯಾರೂ ನನ್ನ ಗುರುತು ಹಿಡಿಯದ ಕ್ಲಿನಿಕ್ಕಿಗೆ ಹೋಗಿದ್ದೆ. ಮಾತ್ರೆಗಳು ವಿಟಮಿನ್ ಬಾಟಲಿಯಲ್ಲಿವೆ. ಜೊತೆಗೆ ವಾಸಿಸುವವರು ಎಂದು ಕೇಳಿದರು, ಯಾರೂ ಇಲ್ಲ ಎಂದೆ. ಯೋಚಿಸಿ ಹೇಳಿದ್ದಲ್ಲ, ಬಾಯಿಗೆ ತಾನಾಗಿ ಬಂತು. ಸೆಕೆ ಎಂದು ನೆಪ ಹೇಳಿ ಈಗ ನಡುಮನೆಯಲ್ಲಿ ಮಲಗುತ್ತಿದ್ದೇನೆ, ಆದರೆ ಅದಕ್ಕೆ ಮೊದಲು ಎರಡು ತಿಂಗಳು ಕೆಮ್ಮುತ್ತಾ ಪುಟ್ಟಿಯ ಪಕ್ಕದಲ್ಲೇ ಇದ್ದೆ. ಅವಳಿಗೆ ಹೋದ ವಾರದಿಂದ ಕೆಮ್ಮು. ಶೀತ ಎಂದಿದ್ದೇನೆ. ದಿನಾ ಬೆಳಿಗ್ಗೆ ಹೇಳಿಯೇ ಬಿಡಬೇಕೆಂದು ಏಳುತ್ತೇನೆ, ಅವಳು ಚೀಲ ಹೆಗಲಿಗೇರಿಸಿ ಹೊರಟುಹೋಗುತ್ತಾಳೆ. ಅವಳ ನಂಬರ್ ನಿನ್ನ ಹತ್ತಿರ ಇದೆ, ಬದಲಾಗಿಲ್ಲ. ಈ ಕಾಗದ ಸಿಕ್ಕಿದ ತಕ್ಷಣ ಫೋನ್ ಮಾಡಿ ಅವಳಿಗೂ ಅವಳಪ್ಪನಿಗೂ ಹೇಳಿಬಿಡು. ನನ್ನನ್ನು ಕೇಳಬೇಡ.