ಹೆಸರಿನ ಕೆಳಗಿನ ಸಾಲು

ಲಿಫ್ಟ್ ದೂರು ವಿಭಾಗದ ಮಹಾರಾಣಿ, ಪ್ರೀತಿಯ ಅಕ್ಕನ ಸನ್ನಿಧಾನಕ್ಕೆ,

ಮೊದಲು ‘ಮಾಜಿ’ ಎಂದು ಬರೆದಿದ್ದೆ. ಹೊಡೆದುಹಾಕಿದೆ. ನಿಮ್ಮ ಪದವಿ ಅಳಿಸುವ ಕೆಲಸಕ್ಕೆ ಆಫೀಸಿನವರೇ ಸಾಕು, ನನ್ನ ಕೈಯೂ ಯಾಕೆ?

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮೇಲ್‌ನ ಕೆಳಗಿನ ಸಹಿಯನ್ನು ಯಾರಾದರೂ ಓದುತ್ತಾರಾ ನೋಡೋಣವೆಂದು ನನ್ನ ಹೆಸರಿನ ಕೆಳಗೆ ‘ಸ್ಟೇಪ್ಲರ್ ಚಕ್ರವರ್ತಿ, ಎರಡನೇ ಮಹಡಿ ಮತ್ತು ಮೆಟ್ಟಿಲು ಪ್ರಾಂತ್ಯ’ ಎಂದು ಹಾಕಿದ್ದೆ. ಗಿರಾಕಿಗಳು, ಮೆಕ್ಯಾನಿಕ್‌ಗಳು, ಮ್ಯಾನೇಜರ್, ಯಾರೂ ಕಣ್ಣೆತ್ತಿ ನೋಡಲಿಲ್ಲ. ನೀವೊಬ್ಬರೇ ಉತ್ತರ ಬರೆದಿರಿ: “ಪ್ರಭುಗಳೇ, ಪಿನ್ ಮುಗಿದಿದೆ. ಪ್ರಜೆಗಳು ಕಂಗಾಲು.”

ಅಂದಿನಿಂದ ನಾನೂ ನಿಮ್ಮ ಸಹಿ ಓದತೊಡಗಿದೆ. ‘ಹಿರಿಯ ಮೇಲ್ವಿಚಾರಕಿ’ ಎಂಬ ಆ ಸಾಲನ್ನು ನೀವು ಪ್ರತಿ ಮೇಲ್‌ಗೂ ಮುತ್ತು ಪೋಣಿಸಿದ ಹಾಗೆ ಟೈಪ್ ಮಾಡುತ್ತಿದ್ದಿರಿ. ನಾನು ನಕ್ಕರೆ ಗದರುತ್ತಿದ್ದಿರಿ. “ನಗಬೇಡ ಕಣೋ. ಲಿಫ್ಟ್ ಕೆಟ್ಟು ಆರನೇ ಮಹಡೀಲಿ ಅಜ್ಜಿ ಒಬ್ಬಳೇ ಕೂತಿರ್ತಾಳೆ. ಯಾರನ್ನ ಬೈಬೇಕು ಅಂತನಾದ್ರೂ ಅವಳಿಗೆ ಗೊತ್ತಾಗಬೇಕಲ್ವಾ?”

ಆಮೇಲೆ ಹೊಸ ಪದ್ಧತಿ ಬಂತು. ನಮ್ಮ ಸಹಿ ನಾವು ಬರೆಯುವಂತಿಲ್ಲ. ಮೇಲ್ ಹೊರಟ ಮೇಲೆ ಕಂಪ್ಯೂಟರೇ ಅಂಟಿಸುತ್ತದೆ. ಕಳಿಸಿದವರಿಗೆ ಕಾಣುವುದಿಲ್ಲ, ತಲುಪಿದವರಿಗೆ ಮಾತ್ರ. ನನ್ನ ಸಾಮ್ರಾಜ್ಯ ಅಲ್ಲಿಗೆ ಮುಳುಗಿತು.

ಒಂದು ಬೆಳಿಗ್ಗೆ ನಿಮ್ಮ ಮೇಲ್ ಬಂತು. ಕೆಳಗೆ ನಿಮ್ಮ ಹೆಸರು, ಅದರ ಕೆಳಗೆ ಬೋಳು. ಉಳಿದವರದೆಲ್ಲ ಹಾಗೇ ಇತ್ತು. ನಿಮ್ಮ ಮೇಜಿಗೆ ಓಡಿಬಂದೆ. ನೀವು ಚಹಾಕ್ಕೆ ಬಿಸ್ಕತ್ತು ಅದ್ದುತ್ತಿದ್ದಿರಿ. ನಾನು ಹೇಳಿದ್ದು ಕೇಳಿ, “ಈ ಸಲದ ತಮಾಷೆ ಚೆನ್ನಾಗಿದೆ, ಮುಖಾನೂ ಹೊಂದಿಸ್ಕೊಂಡು ಬಂದಿದೀಯ” ಎಂದಿರಿ. ಪರದೆ ತೋರಿಸಿದರೆ, ನೀನೇ ಅಳಿಸಿರ್ತೀಯ ಕಳ್ಳ ಎಂದಿರಿ. ಆಣೆ ಹಾಕಿದರೆ, ಸ್ಟೇಪ್ಲರ್ ಮುಟ್ಟಿ ಹಾಕು ಎಂದಿರಿ. ನಾನು ಗಂಭೀರನಾದಷ್ಟೂ ನಿಮಗೆ ನಗು. ತಪ್ಪು ನಿಮ್ಮದಲ್ಲ, ಸುಳ್ಳು ಹೇಳುವಾಗಲೂ ನನ್ನದು ಅದೇ ಮುಖ.

ಅಷ್ಟರಲ್ಲಿ ಮೇಲಿನಿಂದ ಫೋನ್ ಬಂತು. “ಬಂದ್ಮೇಲೆ ನಿನಗಿದೆ” ಎನ್ನುತ್ತಾ ನಗುತ್ತಲೇ ಹೋದಿರಿ. ಬಂದಿರಿ. ಲಿಫ್ಟ್ ಕಂಪನಿಯಲ್ಲಿ ಮೆಟ್ಟಿಲಿಳಿದು ಬಂದಿರಿ. ನನ್ನ ಕಡೆ ನೋಡಲಿಲ್ಲ. ಉಳಿದ ಚಹಾ ಗಿಡಕ್ಕೆ ಸುರಿದು, ಲೋಟ ಚೀಲಕ್ಕೆ ಹಾಕಿಕೊಂಡು ನಡೆದುಬಿಟ್ಟಿರಿ.

ಅಕ್ಕಾ, ನನಗೆ ಮೊದಲೇ ಗೊತ್ತಿತ್ತು, ಗೊತ್ತಿದ್ದೂ ಆಟ ಆಡಿಸಿದೆ ಎಂದುಕೊಂಡಿರಾ? ಗೊತ್ತಿರಲಿಲ್ಲ. ಕೆಲಸದಿಂದ ತೆಗೆದದ್ದನ್ನು ನಿಮಗೆ ಹೇಳುವ ಮೊದಲೇ ಅವರು ಆ ಸಾಲು ಅಳಿಸಿದ್ದರು. ಅದು ಮೊದಲು ನನ್ನ ಕಣ್ಣಿಗೆ ಬಿತ್ತು, ಅಷ್ಟೇ.

ಇನ್ನೊಂದು ಸುದ್ದಿ, ಬೇರೆಯವರಿಂದ ಕೇಳಬೇಡಿ. ಈ ಸೋಮವಾರದಿಂದ ಆ ‘ಹಿರಿಯ’ ನನ್ನ ಹೆಸರಿನ ಕೆಳಗೆ ಬಂದು ಕೂತಿದೆ. ನಾನು ಕೇಳಿದ್ದಲ್ಲ. ತೆಗೆಯಿರಿ ಎಂದೆ. ಮ್ಯಾನೇಜರ್ ತಲೆಯೆತ್ತದೆ, “ಸಹಿ ತಾನೇ, ಯಾರು ಓದ್ತಾರೆ?” ಎಂದರು. ಓದುತ್ತಿದ್ದವರನ್ನು ನೀವೇ ಕಳಿಸಿಬಿಟ್ಟಿರಲ್ಲ ಎನ್ನಬೇಕೆನಿಸಿತು.

ಅದಕ್ಕೇ ನಿಮಗೆ ಆಫೀಸಿನಿಂದ ಒಂದು ಸಾಲೂ ಬರೆದಿಲ್ಲ. ನಿಮ್ಮ ಕಣ್ಣು ನೇರ ಕೆಳಗೇ ಹೋಗುತ್ತದೆ, ನನಗೆ ಗೊತ್ತು. ಇದು ಕಾಗದ. ಇದಕ್ಕೆ ಯಾರೂ ಏನನ್ನೂ ಅಂಟಿಸಲಾರರು.

ಎಲ್ಲಿಗೆ ಹೋದರೂ ನಿಮ್ಮ ಹೆಸರಿನ ಕೆಳಗೆ ಜಾಗ ಖಾಲಿ ಇರದಿರಲಿ.

ಇಂತಿ ನಿಮ್ಮ,
ಸ್ಟೇಪ್ಲರ್ ಚಕ್ರವರ್ತಿ
ಪಿನ್ ಮುಗಿದಿದೆ. ಹೇಳುವವರಿಲ್ಲ.