ನಾಯಿಗೆ ಕೇಳಿದ ಪ್ರಶ್ನೆ

ನರರೋಗ ವಿಭಾಗದ ಮಾನ್ಯ ಮುಖ್ಯಸ್ಥರೇ,

ನನ್ನ ಹೆಂಡತಿಯನ್ನು ಕೊಂದದ್ದು ಒಂದು ಉಣುಗು. ನಾಯಿಯ ಕಿವಿಗೆ ಅಂಟಿ ರಕ್ತ ಹೀರುವ ಆ ಮೆಣಸಿನಕಾಳಿನಷ್ಟು ಹುಳಕ್ಕೆ ತಮ್ಮ ವಿಭಾಗ ನೀಡಿದ ತುಂಬು ಸಹಕಾರಕ್ಕೆ ಕೃತಜ್ಞತೆ ಸಲ್ಲಿಸಲು ಈ ಪತ್ರ.

ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ದೇಹವನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲೆ ಬೀಳುವುದು, ಅಂದರೆ ಬೇಲಿಯೇ ಎದ್ದು ಹೊಲ ಮೇಯುವುದು. ಅದಕ್ಕೆ ನೀವು ಬೇಲಿ ಕೀಳುವ ಮದ್ದು ಕೊಡುತ್ತಿದ್ದಿರಿ. ಸರಿ, ಬೇರೆ ದಾರಿಯಿರಲಿಲ್ಲ. ಆದರೆ ಬೇಲಿಯಿಲ್ಲದ ಹೊಲಕ್ಕೆ ಹೊರಗಿನಿಂದ ಏನಾದರೂ ನುಗ್ಗೀತೆಂದು ನಿಮಗೆ ಹೊಳೆಯಲೇ ಇಲ್ಲವೇ? ನಿಮ್ಮ ರೋಗಿಗಳಿಗೆ ನೀಲಿ ಕಾರ್ಡಿನ ಮರ್ಯಾದೆ ಬೇರೆ. ಜ್ವರದ ಕೌಂಟರಿನ ಸಾಲು ತಪ್ಪಿಸಿ ನೇರ ನಿಮ್ಮ ಬಾಗಿಲಿಗೆ ಬರಬಹುದು. ಜ್ವರಕ್ಕೆ ರಕ್ತ ತೆಗೆದು ಪರೀಕ್ಷೆಗೆ ಕಳಿಸುವುದು ಆ ಕೌಂಟರಿನಲ್ಲಿ ಮಾತ್ರ. ಕಾರ್ಡು ಸಿಕ್ಕ ದಿನ ನಾವಿಬ್ಬರೂ ಹಿರಿಹಿರಿ ಹಿಗ್ಗಿದ್ದೆವು.

ಜ್ವರ ಒಂದೇ ವಾರ ಇಬ್ಬರಿಗೆ ಬಂತು: ಅವಳಿಗೆ, ಮತ್ತು ಹಿತ್ತಲ ಮೆಟ್ಟಿಲ ಮೇಲೆ ಅವಳಿಂದ ದಿನಾ ಮೈ ಬಾಚಿಸಿಕೊಳ್ಳುತ್ತಿದ್ದ ನಮ್ಮ ನಾಯಿಗೆ. ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸುವ ಮೊದಲೇ ಪಶುವೈದ್ಯೆ ಕೇಳಿದರು, "ಉಣುಗು ಕಚ್ಚಿತ್ತಾ?" ರಕ್ತ ತೆಗೆದರು, ಮಾತ್ರೆ ಕೊಟ್ಟರು. ವಾರ ತುಂಬುವಷ್ಟರಲ್ಲಿ ಅದು ನನ್ನ ಚಪ್ಪಲಿ ಹರಿಯತೊಡಗಿತು.

ನಿಮ್ಮ ಕಿರಿಯ ವೈದ್ಯರು ಅವಳ ಮೊಣಕಾಲಿಗೆ ಸುತ್ತಿಗೆ ತಟ್ಟಿ ನೋಡಿ, "ಹಳೇ ಕಾಯಿಲೆನೇ ಮತ್ತೆ ತಲೆ ಎತ್ತಿದೆ. ಸ್ಟೆರಾಯ್ಡ್ ಹಾಕೋಣ" ಎಂದರು.

"ಡಾಕ್ಟ್ರೇ, ಕಂಕುಳಲ್ಲಿ ಉಣುಗು ಕಚ್ಚಿತ್ತು. ನಾನೇ ಕಿತ್ತುಹಾಕ್ದೆ" ಎಂದಳು ಅವಳು.

"ಅದನ್ನ ಚರ್ಮದ ಡಾಕ್ಟ್ರಿಗೆ ಹೇಳಿ, ಅಮ್ಮಾ."

ಡ್ರಿಪ್ ಏರಿತು. ಉಳಿದಿದ್ದ ನಾಲ್ಕು ಬೇಲಿಗೂಟಗಳೂ ಉರುಳಿದವು. ಆ ಹಾಸಿಗೆಯಲ್ಲೂ ಅವಳು ನನ್ನನ್ನು ಬಿಡಲಿಲ್ಲ. "ರೀ, ಮುಂದಿನ್ ಸಲ ನಾಯಿ ಡಾಕ್ಟ್ರ ಹತ್ರನೇ ಕರ್ಕೊಂಡ್ ಹೋಗಿ. ಬೊಗಳೋಕೆ ನಂಗೂ ಬರುತ್ತೆ ಅಂತ ನೀವೇ ಹೇಳ್ತಿದ್ರಲ್ಲ" ಎಂದಳು. ನಾನು ನಕ್ಕೆ. ಪ್ರಜ್ಞೆ ತಪ್ಪಿದ ಮೇಲೆ ತೀವ್ರ ನಿಗಾ ಘಟಕದವರು ರಕ್ತ ತೆಗೆದರು. ಸಿಕ್ಕಿದ್ದು ನಾಯಿಗೆ ಬಂದಿದ್ದ ಸೋಂಕೇ. ಆ ಸುದ್ದಿ ಬರುವಾಗ ನಾವು ಅವಳನ್ನು ಮಣ್ಣು ಮಾಡಿ ಮನೆಗೆ ಬಂದಿದ್ದೆವು.

ಪರಿಹಾರ ಬೇಡ. ಕ್ಷಮೆಯೂ ಬೇಡ, ಅದು ನಿಮ್ಮಲ್ಲಿ ದಾಸ್ತಾನಿದ್ದಿದ್ದರೆ ಇಷ್ಟರಲ್ಲಿ ಬರುತ್ತಿತ್ತು. ಜ್ವರ ಬಂದ ನೀಲಿ ಕಾರ್ಡಿನವರನ್ನು ಇನ್ನು ಮೇಲೆ ಆ ಕೌಂಟರಿಗೇ ಕಳಿಸಿ. ಉಣುಗು ಕಚ್ಚಿತ್ತಾ ಎಂದು ಕೇಳಿ, ರಕ್ತ ತೆಗೆದ ಮೇಲೆ ಸ್ಟೆರಾಯ್ಡಿನ ಮಾತಾಡಿ. ಮನುಷ್ಯರ ಮರ್ಯಾದೆ ನಿಮಗೆ ದುಬಾರಿಯಾದರೆ, ನಾಯಿಗೆ ಸಿಕ್ಕಷ್ಟು ಸಾಕು.

ಇಂತಿ,
ನಾಯಿಯನ್ನಷ್ಟೇ ಉಳಿಸಿಕೊಂಡವನು